ಅಪ್ಪನ ಜಾವಾಕ್ಕೆ ಮತ್ತೆ ಕ್ರೋಮ್: ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬಹುದು

ಪ್ರಶ್ನೆ: ನಮ್ಮ ತಂದೆಯವರ 1968ರ ಜಾವಾ 250 ಬೈಕು ಸಕಲೇಶಪುರದ ಬಳಿಯ ತೋಟದ ಮನೆಯಲ್ಲಿ, ದನದ ಕೊಟ್ಟಿಗೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ಬಹಳ ವರ್ಷ ನಿಂತಿತ್ತು. ಎಂಜಿನ್ ಕೆಲಸ ಮುಗಿದಿದೆ, ಗಾಡಿ ಚೆನ್ನಾಗಿ ಓಡುತ್ತಿದೆ. ಆದರೆ ಕ್ರೋಮ್ ನೋಡಿದರೆ ಬೇಸರವಾಗುತ್ತದೆ. ಎರಡೂ ಸೈಲೆನ್ಸರ್‌ಗಳ ತುಂಬ ತುಕ್ಕಿನ ಚುಕ್ಕೆ, ಹ್ಯಾಂಡಲ್‌ನಲ್ಲಿ ಪೊರೆ ಎದ್ದಿದೆ, ಟ್ಯಾಂಕಿನ ಪಕ್ಕಗಳು ಮಬ್ಬಾಗಿವೆ, ರಿಮ್‌ಗಳಲ್ಲಿ ಸ್ಪೋಕ್ ತೂತಿನ ಸುತ್ತ ತುಕ್ಕು ಹಿಡಿದಿದೆ. ಬೆಂಗಳೂರಿನ ಇಬ್ಬರನ್ನು ವಿಚಾರಿಸಿದೆ. ಒಬ್ಬರ ದರ ಇನ್ನೊಬ್ಬರ ದರದ ಮೂರು ಪಟ್ಟು! ಹಾಸನದಲ್ಲೊಬ್ಬರು ‘ಸ್ಪ್ರೇ ಕ್ರೋಮ್ ಮಾಡಿಸಿ, ಅದೇ ಹೊಳಪು ಬರುತ್ತದೆ’ ಎನ್ನುತ್ತಾರೆ. ಕ್ರೋಮ್ ಪ್ಲೇಟಿಂಗ್ ಸದ್ಯದಲ್ಲೇ ನಿಷೇಧವಾಗುತ್ತದೆ, ಇರುವಾಗಲೇ ಎಲ್ಲವನ್ನೂ ಮಾಡಿಸಿಬಿಡಿ ಎಂದು ಸ್ನೇಹಿತರು ಅವಸರ ಮಾಡುತ್ತಿದ್ದಾರೆ. ಇರುವ ಕ್ರೋಮ್ ಮೇಲೆಯೇ ಇನ್ನೊಂದು ಪದರ ಹಾಕಿಸಿದರೆ ಸಾಲದೇ? ನಾನು ಶಾಲಾ ಶಿಕ್ಷಕ, ಒಮ್ಮೆಗೇ ದೊಡ್ಡ ಮೊತ್ತ ಹೊಂದಿಸುವುದು ಕಷ್ಟ.

ಉತ್ತರ: ನಿಮ್ಮ ಇಕ್ಕಟ್ಟು ಅರ್ಥವಾಗುತ್ತದೆ. ಹೆಚ್ಚು ದರ ಕೇಳಿದವರಿಗೆ ಕೊಟ್ಟರೆ ಮೋಸ ಹೋದೆನೇನೋ ಎಂಬ ಅಳುಕು, ಕಡಿಮೆ ಕೇಳಿದವರಿಗೆ ಕೊಟ್ಟರೆ ಎರಡು ಮಳೆಗಾಲ ಕಳೆಯುವುದರೊಳಗೆ ಮತ್ತೆ ತುಕ್ಕು ಬಂದೀತೆಂಬ ಭಯ. ಪ್ಲೇಟಿಂಗ್ ಘಟಕಗಳಲ್ಲಿ ಕೆಲಸ ಮಾಡಿದವನಾಗಿ ಹೇಳುವುದಾದರೆ, ಎರಡನೆಯ ಭಯವನ್ನೇ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಿ. ಕೆಟ್ಟ ಪ್ಲೇಟಿಂಗ್‌ನಿಂದ ಹೋಗುವುದು ಹಣ ಮಾತ್ರವಲ್ಲ. ಪ್ರತಿ ಸಲ ಸುಲಿದು ಉಜ್ಜುವಾಗಲೂ ಹಳೆಯ ಭಾಗದ ಕಬ್ಬಿಣ ಸ್ವಲ್ಪ ಸ್ವಲ್ಪ ತೆಳುವಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಿಮ್ಮ ಗಾಡಿಯಲ್ಲಿರುವ ಮೂಲ ತಗಡು ಮತ್ತೆ ಸಿಗುವಂಥದ್ದಲ್ಲ.

ದರದಲ್ಲಿ ಮೂರು ಪಟ್ಟು ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ಮಿಕ್ಕ ಪ್ರಶ್ನೆಗಳು ಅರ್ಧ ಬಗೆಹರಿದಂತೆ.

ನಾವು ಕ್ರೋಮ್ ಎಂದು ಕರೆಯುವ ಹೊಳಪಿನಲ್ಲಿ ಕ್ರೋಮಿಯಂ ಪಾಲು ಬಹಳ ಕಡಿಮೆ. ಅದರ ದಪ್ಪ ಸುಮಾರು 0.3 ಮೈಕ್ರಾನ್, ತಲೆಗೂದಲಿನ ದಪ್ಪದ ಇನ್ನೂರರಲ್ಲಿ ಒಂದು ಭಾಗ ಎಂದುಕೊಳ್ಳಿ. ಈ ಪದರದ ತುಂಬ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ತುಕ್ಕನ್ನು ಅದೊಂದೇ ತಡೆಯಲಾರದು. ಅದು ಕೊಡುವುದು ನಸುನೀಲಿ ಛಾಯೆಯ ಬಣ್ಣವನ್ನು, ಗೀರು ಬೀಳದ ಗಟ್ಟಿತನವನ್ನು, ಮಬ್ಬಾಗದ ಗುಣವನ್ನು. ಕಬ್ಬಿಣವನ್ನು ನಿಜವಾಗಿ ಕಾಯುವುದು ಅದರ ಕೆಳಗಿರುವ ನಿಕಲ್. ಬಿಸಿಲು ಮಳೆಯಲ್ಲಿ ಓಡಾಡುವ ವಾಹನಕ್ಕೆ 25ರಿಂದ 30 ಮೈಕ್ರಾನ್ ನಿಕಲ್ ಬೇಕು. ಹಳೆಯ ಭಾಗಗಳಿಗೆ ನಿಕಲ್‌ನ ಕೆಳಗೆ ತಾಮ್ರವನ್ನೂ ಹಾಕುತ್ತಾರೆ. ತಾಮ್ರ ಮೆತ್ತಗಿನ ಲೋಹ. ದಪ್ಪವಾಗಿ ಕೂರಿಸಿ, ಉಜ್ಜಿ, ಮತ್ತೆ ಕೂರಿಸಿದರೆ ತುಕ್ಕು ಕೊರೆದ ಸಣ್ಣ ಗುಳಿಗಳು ತುಂಬಿಕೊಳ್ಳುತ್ತವೆ. ಅಂಗಡಿಯವರು ‘ಟ್ರಿಪಲ್ ಪ್ಲೇಟಿಂಗ್’ ಎನ್ನುವುದು ತಾಮ್ರ, ನಿಕಲ್, ಕ್ರೋಮ್ ಈ ಮೂರನ್ನೂ ಸೇರಿಸಿ.

ಲೋಹದ ದ್ರಾವಣ ತುಂಬಿದ ತೊಟ್ಟಿಯಲ್ಲಿ ಭಾಗವನ್ನು ಮುಳುಗಿಸಿ, ಕರೆಂಟ್ ಹರಿಸಿ ಪದರ ಕೂರಿಸುವುದೇ ಪ್ಲೇಟಿಂಗ್. ಈಗ ಹಣದ ಲೆಕ್ಕ ನೋಡಿ. ಕೊನೆಯ ಕ್ರೋಮ್ ತೊಟ್ಟಿಯಲ್ಲಿ ಭಾಗ ಮುಳುಗಿರುವುದು ಕೆಲವೇ ನಿಮಿಷ. ನಿಕಲ್ ತೊಟ್ಟಿಯಲ್ಲಿ, ಮಾಮೂಲಿ ಕರೆಂಟ್ ಹರಿಸಿದರೆ ನಿಮಿಷಕ್ಕೆ ಒಂದು ಮೈಕ್ರಾನ್‌ಗಿಂತ ತುಸು ಕಡಿಮೆ ಕೂರುತ್ತದೆ. ಅಂದರೆ 25 ಮೈಕ್ರಾನ್‌ಗೆ ಅರ್ಧ ಗಂಟೆಗೂ ಮಿಕ್ಕಿ ಹೊತ್ತು ಬೇಕು. ಅಗ್ಗದ ದರ ಹೇಳುವವರು ಏಳೆಂಟು ನಿಮಿಷಕ್ಕೇ ಎತ್ತಿದರೂ ಅಂಗಡಿಯಲ್ಲಿ ನೋಡುವಾಗ ಹೊಳಪು ಒಂದೇ ಥರ ಇರುತ್ತದೆ. ಇದಕ್ಕಿಂತ ದೊಡ್ಡ ಖರ್ಚು ಬಫಿಂಗ್ ಕೂಲಿಯದು. ಹಳೆಯ ಪದರ ಸುಲಿಯುವುದು, ಗುಳಿಗಳನ್ನು ಪಟ್ಟಿಯಿಂದ ಉಜ್ಜುವುದು, ಬಟ್ಟೆಯ ಚಕ್ರದಲ್ಲಿ ಕನ್ನಡಿ ಮಾಡುವುದು ಎಲ್ಲವೂ ಒಬ್ಬ ಮನುಷ್ಯನ ಕೈಯಲ್ಲಿ ಆಗುವ ಕೆಲಸ. ಹೆಚ್ಚು ದರ ಕೇಳಿದವರು ಈ ಕೆಲಸವನ್ನೆಲ್ಲ ಮಾಡುತ್ತಾರೆಂಬ ಖಾತರಿ ನನಗಿಲ್ಲ. ಕಡಿಮೆ ದರದಲ್ಲಿ ಅದನ್ನು ಮಾಡಲು ಯಾರಿಗೂ ಕೈಲಾಗದು ಎಂಬುದು ಮಾತ್ರ ಖಾತರಿ.

ಆದ್ದರಿಂದ ಇಬ್ಬರನ್ನೂ ಮತ್ತೆ ಕಂಡು ದರದ ಮಾತು ಬಿಟ್ಟು ಕೆಲಸದ ಮಾತಾಡಿ. ಹಳೆಯ ನಿಕಲ್ ಪೂರ್ತಿ ಸುಲಿಯುತ್ತೀರಾ? ತಾಮ್ರ ಹಾಕುತ್ತೀರಾ? ನಿಕಲ್‌ನಲ್ಲಿ ಎಷ್ಟು ನಿಮಿಷ ಇಡುತ್ತೀರಿ? ತಾಮ್ರದ ಹಂತದಲ್ಲಿ ನಾನು ಬಂದು ನೋಡಬಹುದೇ? ಒಳ್ಳೆಯ ಕೆಲಸಗಾರ ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರಿಸುತ್ತಾನೆ, ಎಷ್ಟೋ ಸಲ ತೊಟ್ಟಿಯ ಹತ್ತಿರವೇ ಕರೆದೊಯ್ಯುತ್ತಾನೆ. ತಾಮ್ರದ ಹಂತದಲ್ಲಿ ನೋಡುವುದು ಬಹಳ ಉಪಯುಕ್ತ. ಕೆಂಪು ಮೈಯಲ್ಲಿ ಉಳಿದ ಗುಳಿ, ಗೀರು, ಅಲೆ ಎಲ್ಲ ಕಣ್ಣಿಗೆ ಹೊಡೆದು ಕಾಣುತ್ತವೆ, ಸರಿಪಡಿಸುವುದೂ ಆಗ ಸುಲಭ. ಅವರು ಮುಗಿಸಿದ ಒಂದು ಕೆಲಸವನ್ನೂ ಕೈಗೆತ್ತಿಕೊಂಡು ನೋಡಿ. ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಪೈಪಿನ ಉದ್ದಕ್ಕೂ ಹಾಯಿಸಿ. ಗೆರೆ ನೇರವಾಗಿ ಸಾಗಿದರೆ ಉಜ್ಜಿದ ಕೈ ಪಳಗಿದ್ದು, ನಡುನಡುವೆ ಕುಣಿದರೆ ಗುಳಿಯನ್ನು ಕೊರೆದು ತೆಗೆಯುವ ಭರದಲ್ಲಿ ತಗ್ಗು ಮಾಡಿದ್ದಾರೆ. ಬಾಗಿದ ಕಡೆ, ಮೂಲೆಯ ಒಳಗೆ ಹಳದಿ ಛಾಯೆ ಕಂಡರೆ ಅಲ್ಲಿ ಕ್ರೋಮ್ ಕೂತಿಲ್ಲ, ಬರಿಯ ನಿಕಲ್ ಕಾಣುತ್ತಿದೆ. ತಗ್ಗು ಜಾಗಗಳಿಗೆ ಕ್ರೋಮ್ ಸುಲಭವಾಗಿ ಹೋಗುವುದಿಲ್ಲ, ಅದಕ್ಕೆಂದೇ ಆನೋಡ್‌ಗಳನ್ನು, ಅಂದರೆ ದ್ರಾವಣಕ್ಕೆ ಕರೆಂಟ್ ಹರಿಸುವ ಫಲಕಗಳನ್ನು, ಹತ್ತಿರ ಹೊಂದಿಸಬೇಕು. ಅಂಚುಗಳಲ್ಲಿ ಬೂದು ಬಣ್ಣವಿದ್ದರೆ ಕರೆಂಟ್ ಹೆಚ್ಚಾಗಿ ಸುಟ್ಟಿದೆ ಎಂದರ್ಥ. ಪೇಂಟ್ ಅಂಗಡಿಗಳ ದಪ್ಪ ಅಳೆಯುವ ಮೀಟರ್ ಇಟ್ಟು ನಿಕಲ್ ಲೆಕ್ಕ ಹೇಳುವವರೂ ಇದ್ದಾರೆ. ಸಾಮಾನ್ಯ ಮೀಟರ್ ಅಯಸ್ಕಾಂತೀಯ ತತ್ವದ್ದು, ನಿಕಲ್ ತಾನೂ ಅಯಸ್ಕಾಂತಕ್ಕೆ ಅಂಟುವ ಲೋಹ. ಕಬ್ಬಿಣದ ಮೇಲೆ ಆ ಅಳತೆಯನ್ನು ನಂಬುವಂತಿಲ್ಲ.

ಇರುವ ಕ್ರೋಮ್ ಮೇಲೆಯೇ ಇನ್ನೊಂದು ಪದರ ಹಾಕಿಸುವ ವಿಷಯ. ದಯವಿಟ್ಟು ಬೇಡ. ಕ್ರೋಮ್ ಗಾಳಿಗೆ ತಾಗಿದ ಕ್ಷಣವೇ ಅದರ ಮೇಲೆ ಆಕ್ಸೈಡಿನ ತೆಳು ಪೊರೆ ಮೂಡುತ್ತದೆ, ಅದರ ಮೇಲೆ ಹೊಸ ಲೋಹ ಗಟ್ಟಿಯಾಗಿ ಹಿಡಿಯುವುದಿಲ್ಲ. ನಿಮ್ಮ ಹ್ಯಾಂಡಲ್‌ನಲ್ಲಿ ಈಗಾಗಲೇ ಪೊರೆ ಎದ್ದಿದೆ ಎಂದಿರಿ. ಅದರ ಮೇಲೆ ಹೊಸದನ್ನು ಹಾಕಿದರೆ ಹಳೆಯದರ ಜೊತೆಗೆ ಅದೂ ಕಳಚುತ್ತದೆ. ಕ್ರೋಮ್ ಅನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ನಿಕಲ್ ಅನ್ನು ಗಂಧಕಾಮ್ಲದಲ್ಲಿ ಉಲ್ಟಾ ಕರೆಂಟ್ ಹರಿಸಿ ಸುಲಿಯಲೇಬೇಕು. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ಕ್ರೋಮ್ ಹಾಕಿದರೆ ಸಣ್ಣಪುಟ್ಟ ತಗ್ಗು ಮುಚ್ಚಿಹೋಗುತ್ತದೆ ಎಂದು. ಪೇಂಟಿನ ಕೆಳಗೆ ಪುಟ್ಟಿ ತುಂಬಬಹುದು, ಪ್ಲೇಟಿಂಗ್‌ನ ಕೆಳಗೆ ಆಗದು. ಕೆಳಗಿರುವುದನ್ನೆಲ್ಲ ಕ್ರೋಮ್ ಎತ್ತಿ ತೋರಿಸುತ್ತದೆ.

ಸ್ಪ್ರೇ ಕ್ರೋಮ್ ಎನ್ನುವುದರಲ್ಲಿ ಸಾಮಾನ್ಯವಾಗಿ ಕ್ರೋಮಿಯಂ ಇರುವುದೇ ಇಲ್ಲ. ಕನ್ನಡಿ ಮಾಡುವ ಹಾಗೆ ಬೆಳ್ಳಿಯ ದ್ರಾವಣವನ್ನು ಸಿಂಪಡಿಸಿ, ಮೇಲೆ ಕ್ಲಿಯರ್ ಲ್ಯಾಕರ್ ಹೊಡೆಯುತ್ತಾರೆ. ಹೊರಗಿನ ಮೈ ಲ್ಯಾಕರ್, ಅಂದರೆ ಪೇಂಟೇ. ಸೈಲೆನ್ಸರ್ ಮತ್ತು ಎಂಜಿನ್ನಿನಿಂದ ಅದಕ್ಕೆ ಹೋಗುವ ಬೆಂಡ್ ಪೈಪ್‌ನ ಶಾಖಕ್ಕೆ ಅದು ಹಳದಿಯಾಗಿ ಸುಟ್ಟುಹೋಗುತ್ತದೆ, ಪೆಟ್ರೋಲ್ ಚೆಲ್ಲುವ ಟ್ಯಾಂಕಿನ ಮೇಲೂ ಹೆಚ್ಚು ದಿನ ಬಾಳುವುದಿಲ್ಲ. ಪ್ಲಾಸ್ಟಿಕ್ ಭಾಗಗಳಿಗೆ, ಶಾಖವಿಲ್ಲದ ಅಲಂಕಾರದ ತುಣುಕುಗಳಿಗೆ ಸರಿ. ನಿಮ್ಮ ಪಟ್ಟಿಯಲ್ಲಿರುವ ಯಾವ ಭಾಗಕ್ಕೂ ನಾನದನ್ನು ಹೇಳಲಾರೆ.

ನಿಷೇಧದ ಮಾತಿಗೂ ಒಂದು ಹಿನ್ನೆಲೆ ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್‌ನಿಂದ ವಿಶೇಷ ಅನುಮತಿ ಇಲ್ಲದೆ, ಕ್ರೋಮ್ ತೊಟ್ಟಿಗೆ ಬೇಕಾದ ಕ್ರೋಮಿಕ್ ಆಮ್ಲದ ಮೂಲವಸ್ತುವಾದ ಕ್ರೋಮಿಯಂ ಟ್ರೈಆಕ್ಸೈಡ್ ಬಳಸುವಂತಿಲ್ಲ. ನಮ್ಮಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದು ಪ್ಲೇಟಿಂಗ್ ನಡೆಸಬಹುದು. ಹೆದರಿ ಅವಸರ ಮಾಡಬೇಕಿಲ್ಲ. ಆದರೆ ನಿಯಮಗಳು ಬಿಗಿಯಾಗುತ್ತಿರುವ ಕಾರಣವನ್ನು ಹಗುರವಾಗಿ ಕಾಣಬೇಡಿ. ಈ ತೊಟ್ಟಿಗಳಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷದ ರೂಪ, ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ವಿಜ್ಞಾನಕ್ಕೆ ಅನುಮಾನ ಉಳಿದಿಲ್ಲ. ಗಾಳಿ ಹೀರುವ ವ್ಯವಸ್ಥೆಯಿಲ್ಲದ ತೊಟ್ಟಿಗಳ ಮುಂದೆ ವರ್ಷಗಟ್ಟಲೆ ನಿಂತ ಕೆಲಸಗಾರರಿಗೆ ಮೂಗಿನ ನಡುಗೋಡೆಯೇ ತೂತಾಗುತ್ತದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲಕ್ಕೆ ಕ್ರೋಮಿಯಂ ಇಳಿದಿರುವುದು ಬಹಳ ಹಿಂದೆಯೇ ದಾಖಲಾದ ಸಂಗತಿ. ಶುದ್ಧೀಕರಣ ಕಷ್ಟದ ವಿದ್ಯೆಯೇನಲ್ಲ. ಕ್ರೋಮ್ ಬೆರೆತ ಹಳದಿ ನೀರನ್ನು ಆಮ್ಲೀಯ ಮಾಡಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ವಿಷದ ರೂಪ ಅಷ್ಟು ಅಪಾಯವಿಲ್ಲದ ಟ್ರೈವೇಲೆಂಟ್ ರೂಪವಾಗಿ ಹಸಿರಿಗೆ ತಿರುಗುತ್ತದೆ, ಮೇಲೆ ಸುಣ್ಣ ಹಾಕಿದರೆ ಕೆಸರಾಗಿ ತಳ ಸೇರುತ್ತದೆ. ಹೊರಗೆ ಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬ ಮಿತಿಯೂ ಇದೆ. ಆದರೆ ಇದಕ್ಕೆಲ್ಲ ಖರ್ಚಿದೆ, ಆ ಖರ್ಚು ದರದಲ್ಲಿ ಸೇರಿರುತ್ತದೆ. ಅತ್ಯಂತ ಅಗ್ಗದ ಅಂಗಡಿಯ ಹಿಂಬದಿಯ ಚರಂಡಿಯನ್ನು ಒಮ್ಮೆ ಇಣುಕಿ ನೋಡಿ. ಹಳದಿ ನೀರು ನೇರವಾಗಿ ಹೊರಗೆ ಹರಿಯುತ್ತಿದ್ದರೆ, ಕೆಲಸ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೆ ಕೊಡಬೇಡಿ. ಈ ಮಾತನ್ನು ನಾನು ಗ್ರಾಹಕರೆಲ್ಲರಿಗೂ ಹೇಳುತ್ತೇನೆ.

ಹಾಗೆಯೇ, ಕ್ರೋಮಿಕ್ ಆಮ್ಲವನ್ನು ಮನೆಗೆ ತಂದು ಪ್ರಯೋಗ ಮಾಡುವ ವಿಡಿಯೊಗಳನ್ನು ನೋಡಿ ಕೈ ಹಾಕಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ನಿಮ್ಮ ಭಾಗಗಳಿಗೆ ಬರೋಣ. ಎಲ್ಲಕ್ಕಿಂತ ಮೊದಲು, ಯಾವುದಕ್ಕೆ ಪ್ಲೇಟಿಂಗ್ ನಿಜವಾಗಿಯೂ ಬೇಕು ಎಂದು ವಿಂಗಡಿಸಿ. ಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಿನಲ್ಲಿ ಅದ್ದಿ, ಮೆತ್ತಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ, ಮೇಲೆ ಹರಡಿದ ತುಕ್ಕಿನ ಕಲೆ ಹೋಗುತ್ತದೆ. ಎಷ್ಟೋ ಭಾಗಗಳು ಇಷ್ಟಕ್ಕೇ ಬದುಕಿಬಿಡುತ್ತವೆ. ಉಜ್ಜಿದ ಮೇಲೆ ಉಗುರನ್ನು ಆಡಿಸಿ. ನುಣುಪಾಗಿದ್ದು, ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮಾತ್ರ ಉಳಿದಿದ್ದರೆ ಮೇಣ ಹಚ್ಚಿ ಹಾಗೆಯೇ ಇಟ್ಟುಕೊಳ್ಳಿ. ಉಗುರು ಸಿಕ್ಕಿಕೊಂಡರೆ ಗುಳಿಯಾಗಿದೆ, ಪ್ಲೇಟಿಂಗ್ ಬೇಕು. ಟ್ಯಾಂಕಿನ ಪಕ್ಕ ಬರಿಯ ಮಬ್ಬಾಗಿದ್ದರೆ ಅದು ಈ ಮೊದಲ ಗುಂಪಿಗೆ ಸೇರುವ ಸಾಧ್ಯತೆಯೇ ಹೆಚ್ಚು. ಐವತ್ತು ವರ್ಷ ದಾಟಿದ ಕಾರ್ಖಾನೆಯ ಕ್ರೋಮ್ ತುಸು ಕಳೆಗುಂದಿದ್ದರೂ ಅದಕ್ಕೊಂದು ಬೆಲೆಯಿದೆ. ಈಗಿನ ಸುಮಾರು ಕೆಲಸಕ್ಕಾಗಿ ಅದನ್ನು ಸುಲಿದು ಹಾಕುವುದು ನನಗೆ ಸಹಿಸಲಾಗದು. ಶೌಚಾಲಯ ತೊಳೆಯುವ ದ್ರಾವಣವನ್ನು ಮಾತ್ರ ಹಚ್ಚಬೇಡಿ. ಅವುಗಳಲ್ಲಿ ಬಹುತೇಕಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿರುತ್ತಾರೆ, ಅದು ತುಕ್ಕಿನ ಜೊತೆ ಕ್ರೋಮ್ ಅನ್ನೂ ಕರಗಿಸುತ್ತದೆ.

ಸೈಲೆನ್ಸರ್‌ಗಳಿಗೆ ಪ್ಲೇಟಿಂಗ್ ಬೇಕೇ ಬೇಕು ಎನಿಸುತ್ತದೆ, ಅತಿ ಹೆಚ್ಚು ಉಳಿತಾಯ ಸಾಧ್ಯವಿರುವುದೂ ಅಲ್ಲಿಯೇ. ಜಾವಾ ಟೂ-ಸ್ಟ್ರೋಕ್ ಗಾಡಿ. ಒಂದೇ ಸಿಲಿಂಡರಿಗೆ ಎರಡು ಪೈಪು, ಎರಡು ಸೈಲೆನ್ಸರು, ಎರಡರ ಒಳಗೂ ವರ್ಷಗಟ್ಟಲೆ ಎಣ್ಣೆ ಸುಟ್ಟು ಕೂತ ಇದ್ದಿಲು. ಅದು ಪ್ಲೇಟಿಂಗ್ ತೊಟ್ಟಿಗೆ ಸೋರಿದರೆ ಇಡೀ ದ್ರಾವಣ ಕೆಡುತ್ತದೆ. ಹಾಗಾಗಿ ಒಳ್ಳೆಯ ಅಂಗಡಿಯವರು ಕೊಳಕು ಸೈಲೆನ್ಸರನ್ನು ಮುಟ್ಟುವುದೇ ಇಲ್ಲ, ಇಲ್ಲವೇ ಶುಚಿ ಮಾಡಲು ಬೇರೆ ಹಣ ಕೇಳುತ್ತಾರೆ. ಈ ಕೆಲಸವನ್ನು ನೀವೇ ಮಾಡಿ. ಒಳಗಿನ ಬ್ಯಾಫಲ್ (ಶಬ್ದ ತಗ್ಗಿಸುವ ಒಳಭಾಗ) ಬಿಚ್ಚಿ ಹೊರಗೆಳೆಯಿರಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹತ್ತು ಲೀಟರ್ ನೀರಿಗೆ ಸುಮಾರು ಒಂದು ಕಿಲೋ ಕಾಸ್ಟಿಕ್ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು, ಅದು ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಉದ್ದ ತೋಳಿನ ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಅಲ್ಯೂಮಿನಿಯಂ ಪಾತ್ರೆಯಾಗಲಿ ಭಾಗವಾಗಲಿ ಅದರೊಳಗೆ ಹೋಗಬಾರದು, ಕರಗುವುದಲ್ಲದೆ ಹೊತ್ತಿಕೊಳ್ಳುವ ಹೈಡ್ರೋಜನ್ ಏಳುತ್ತದೆ. ಒಂದೆರಡು ದಿನ ನೆನೆದ ಮೇಲೆ ಇದ್ದಿಲು ಕೆಸರಾಗಿ ಹೊರಬರುತ್ತದೆ. ಚೆನ್ನಾಗಿ ತೊಳೆದು ಬಿಸಿಲಿಗಿಡಿ. ಆಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿ, ಸುತ್ತಲೂ ತಟ್ಟಿ. ಶಬ್ದ ಒಂದು ಕಡೆ ಮಂದವಾಗಿ ಕೇಳಿದರೆ ತಗಡು ಅಲ್ಲಿ ಒಳಗಿನಿಂದಲೇ ಸವೆದಿದೆ. ಅಂಥ ತಗಡು ಬಫಿಂಗ್ ಚಕ್ರದ ಅಡಿಯಲ್ಲಿ ತೂತು ಬೀಳುತ್ತದೆ. ಮೊದಲು ಗ್ಯಾಸ್ ವೆಲ್ಡಿಂಗ್ ಮಾಡಿಸಿ, ತಗ್ಗುಗಳನ್ನು ಟಿಂಕರಿಂಗ್‌ನಲ್ಲಿ ಎತ್ತಿಸಿ, ಆಮೇಲೆಯೇ ಪ್ಲೇಟಿಂಗ್‌ಗೆ ಕೊಡಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ದೆಹಲಿಯ ಕರೋಲ್ ಬಾಗ್‌ನಲ್ಲೋ ಹೊಸ ನಕಲು ಸೈಲೆನ್ಸರ್ ಕೊಳ್ಳುವ ದಾರಿಯೂ ಇದೆ. ಹಳೆಯದು ಪೂರ್ತಿ ಕೊಳೆತಿದ್ದರೆ ಅದೇ ಅಗ್ಗ. ಆದರೆ ನಕಲುಗಳಲ್ಲಿ ತಗಡು ತೆಳು, ಕ್ರೋಮ್ ಇನ್ನೂ ತೆಳು. ಟೂ-ಸ್ಟ್ರೋಕ್‌ನಲ್ಲಿ ಸೈಲೆನ್ಸರಿನ ಒಳರಚನೆ ಬದಲಾದರೆ ಎಂಜಿನ್ನಿನ ನಡತೆಯೂ ಬದಲಾಗುತ್ತದೆ. ಹಾಗೆ ಕೊಂಡರೂ ಮೂಲದ್ದನ್ನು ಗುಜರಿಗೆ ಹಾಕದೆ ಎತ್ತಿಡಿ.

ರಿಮ್‌ಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಸ್ಪೋಕ್ ತೂತಿನ ಸುತ್ತಲಿನ ಆ ಗುಂಡಿಗಳೊಳಕ್ಕೆ ಬಫ್ ಚಕ್ರ ಇಳಿಯುವುದಿಲ್ಲ, ತುಕ್ಕು ಉಳಿಯುವುದು ಅಲ್ಲೇ, ಭಾರ ಹೊರುವುದೂ ಅಲ್ಲೇ. ಟೈರ್, ಒಳಗಿನ ರಿಮ್ ಟೇಪ್ ತೆಗೆದು ಒಳಮೈ ನೋಡಿ. ಪದರ ಪದರವಾಗಿ ಎದ್ದ ತುಕ್ಕು ಇದ್ದರೆ ಆ ರಿಮ್‌ಗೆ ಖರ್ಚು ಮಾಡುವುದೇ ತಪ್ಪು. 16 ಇಂಚಿನ ಹೊಸ ರಿಮ್ ಹುಡುಕಿ. ಮೇಲ್ಮೈ ತುಕ್ಕು ಮಾತ್ರವಿದ್ದರೆ ಸ್ಪೋಕ್ ಎಲ್ಲ ಬಿಚ್ಚಿ ಪ್ಲೇಟಿಂಗ್ ಮಾಡಿಸಬಹುದು. ಬಿಚ್ಚುವ ಮೊದಲು ಸ್ಪೋಕ್ ಕಟ್ಟಿದ ಕ್ರಮದ ಫೋಟೊ ತೆಗೆದುಕೊಳ್ಳಿ.

ಹ್ಯಾಂಡಲ್ ಮೆದು ಉಕ್ಕಿನ ಕೊಳವೆ, ಬಿರುಕು, ವೆಲ್ಡಿಂಗ್ ತೇಪೆ ಇಲ್ಲದಿದ್ದರೆ ಚಿಂತೆಯಿಲ್ಲ. ಆದರೆ ಹೊಳಪಿನ ಆಸೆಗೆ ಆಕ್ಸಲ್, ಗಟ್ಟಿ ಬೋಲ್ಟ್, ಸ್ಪ್ರಿಂಗ್‌ಗಳನ್ನೂ ಗಂಟಿನಲ್ಲಿ ಸೇರಿಸಿ ಕಳಿಸುವವರಿದ್ದಾರೆ. ಆಮ್ಲದಲ್ಲೂ ಪ್ಲೇಟಿಂಗ್ ತೊಟ್ಟಿಯಲ್ಲೂ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸು ಮಾಡುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಯೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸದಿದ್ದರೆ ಒಂದು ದಿನ ಸೂಚನೆಯೇ ಇಲ್ಲದೆ ಮುರಿಯುತ್ತದೆ. ಸಣ್ಣ ಅಂಗಡಿಗಳಲ್ಲಿ ಈ ವ್ಯವಸ್ಥೆ ಇರುವುದು ಅಪರೂಪ. ಅವನ್ನು ಕಳಿಸಬೇಡಿ.

ಟ್ಯಾಂಕಿಗೆ ಪ್ಲೇಟಿಂಗ್ ಅನಿವಾರ್ಯವಾದರೆ, ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂಬುದು ನೆನಪಿರಲಿ. ಒಳಗೆ ಉಳಿದ ಪೆಟ್ರೋಲ್ ಆವಿ ಒಂದು ಕಿಡಿಗೆ ಕಾದಿರುತ್ತದೆ. ಸೋಪಿನ ಬಿಸಿನೀರಿನಲ್ಲಿ ಪದೇಪದೇ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ತೆರೆದಿಟ್ಟು, ಆಮೇಲೆ ಬಾಯಿ, ಪೆಟ್ರೋಲ್ ಕಾಕ್‌ನ ತೂತು ಎರಡನ್ನೂ ಆಮ್ಲ ನುಗ್ಗದ ಹಾಗೆ ಮುಚ್ಚಿಸಿ ಕೊಡಿ. ಮರಳಿ ಬಂದಮೇಲೆ ಬೆಸುಗೆ ಅಂಚುಗಳನ್ನು ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆಯಿರಿ. ಅಲ್ಲಿ ಸಿಕ್ಕಿಕೊಂಡ ಆಮ್ಲ ತಿಂಗಳುಗಳ ನಂತರ ಒಸರಿ ಹೊಸ ಪೇಂಟನ್ನು ಎಬ್ಬಿಸುತ್ತದೆ. ಪೇಂಟ್ ಮಾಡಿಸುವುದು ಪ್ಲೇಟಿಂಗ್ ಮುಗಿದ ಮೇಲೆಯೇ. ಪೇಂಟ್ ಬರುವ ಕಡೆ ಕ್ರೋಮ್ ಅನ್ನು ಉಜ್ಜಿ ಒರಟು ಮಾಡದಿದ್ದರೆ ಬಣ್ಣ ನಿಲ್ಲುವುದಿಲ್ಲ.

ಒಮ್ಮೆಗೇ ಮೊತ್ತ ಹೊಂದಿಸುವುದು ಕಷ್ಟ ಎಂದಿರಿ. ಒಮ್ಮೆಗೇ ಮಾಡಿಸುವ ಅಗತ್ಯವೂ ಇಲ್ಲ. ಈ ವರ್ಷ ಹ್ಯಾಂಡಲ್ ಮತ್ತು ಸೈಲೆನ್ಸರ್, ಮುಂದಿನ ವರ್ಷ ರಿಮ್, ಟ್ಯಾಂಕ್ ಕೊನೆಗೆ. ಮೊದಲು ಹ್ಯಾಂಡಲ್ ಒಂದನ್ನೇ ಕೊಟ್ಟು ಅಂಗಡಿಯ ಕೈ ನೋಡಿ, ಮೆಚ್ಚಿಗೆಯಾದರೆ ಮಿಕ್ಕಿದ್ದನ್ನು ಕೊಡಿ. ಎಲ್ಲವನ್ನೂ ಒಂದೇ ಅಂಗಡಿಗೆ ಕೊಡುವುದು ಒಳ್ಳೆಯದು. ಕೆಲವೆಡೆ ಈಗ ಟ್ರೈವೇಲೆಂಟ್ ಕ್ರೋಮ್ ಬಳಸುತ್ತಾರೆ, ಕೆಲಸಗಾರರ ಆರೋಗ್ಯದ ದೃಷ್ಟಿಯಿಂದ ಅದು ಎಷ್ಟೋ ವಾಸಿ. ಆದರೆ ಅದರ ಬಣ್ಣ ತುಸು ಗಾಢ, ಎರಡು ಬಗೆ ಬೆರೆತರೆ ಅಕ್ಕಪಕ್ಕದಲ್ಲಿ ವ್ಯತ್ಯಾಸ ಕಾಣುತ್ತದೆ. ಹಾಸನ, ಮೈಸೂರಿನ ಕಡೆ ಜಾವಾ, ಯೆಜ್ಡಿ ಇಟ್ಟುಕೊಂಡವರು ಬೇಕಾದಷ್ಟಿದ್ದಾರೆ. ಮೂರ್ನಾಲ್ಕು ಜನ ಸೇರಿ ಒಂದೇ ಲೋಡು ಕಳಿಸಿದರೆ ಅಂಗಡಿಯವರು ದರ ಇಳಿಸುತ್ತಾರೆ, ಸಾಗಣೆ ಖರ್ಚೂ ಹಂಚಿಹೋಗುತ್ತದೆ. ಕೊಡುವಾಗ ಪ್ರತಿ ಭಾಗದ ಫೋಟೊ ತೆಗೆದು, ಚೀಟಿಯಲ್ಲಿ ಎಣಿಕೆ ಬರೆಸಿಕೊಳ್ಳಿ. ಸಣ್ಣ ಭಾಗಗಳು ಆಮ್ಲದ ತೊಟ್ಟಿಯ ತಳಕ್ಕೆ ಬಿದ್ದು ಕಳೆದುಹೋಗುವುದು ಉಂಟು.

ಬಫಿಂಗ್‌ನ ಮೊದಲ ಹಂತವನ್ನೂ ನಾವೇ ಮಾಡಿ ಹಣ ಉಳಿಸಬಹುದೇ ಎಂದು ಹಲವರು ಕೇಳುತ್ತಾರೆ. ಹಳೆಯ ಪದರ ಸುಲಿಸಿಕೊಂಡು ಬಂದ ಮೇಲೆ ಕೈಯಲ್ಲಿ 120ರಿಂದ 400 ನಂಬರಿನವರೆಗಿನ ಎಮರಿ ಕಾಗದ ಆಡಿಸಬಹುದು. ಅಂಗಡಿಯವರು ಒಪ್ಪಿದರೆ ಅಷ್ಟು ಕೂಲಿ ಉಳಿಯುತ್ತದೆ. ಸುಲಿದ ಕಬ್ಬಿಣ ನಮ್ಮ ಮಲೆನಾಡಿನ ಗಾಳಿಗೆ ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ, ಎಣ್ಣೆ ಹಚ್ಚಿ ಕಾಗದದಲ್ಲಿ ಸುತ್ತಿಡಿ. ಗ್ರೈಂಡರ್ ಮಾತ್ರ ಹಿಡಿಯಬೇಡಿ, ಅದು ಮಾಡುವ ತಗ್ಗನ್ನು ಎಷ್ಟು ತಾಮ್ರ ಹಾಕಿದರೂ ಮುಚ್ಚಲಾಗದು.

ಹೊಸ ಬೆಂಡ್ ಪೈಪ್ ಕೂರಿಸಿ ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಕೈಬೆರಳಿನ ಎಣ್ಣೆಗುರುತುಗಳನ್ನೆಲ್ಲ ಒರೆಸಿ, ಇಲ್ಲದಿದ್ದರೆ ಅವು ಶಾಖಕ್ಕೆ ಸುಟ್ಟು ಕಲೆಯಾಗಿ ಉಳಿಯುತ್ತವೆ. ಆಮೇಲೆ ಪೈಪ್ ನೀಲಿಯಾದರೆ ಪ್ಲೇಟಿಂಗ್‌ನವರನ್ನು ದೂರಬೇಡಿ. ಪೈಪ್ ಅತಿಯಾಗಿ ಕಾದಿದೆ ಎಂಬುದರ ಗುರುತು ಅದು. ಇಗ್ನಿಷನ್ ಟೈಮಿಂಗ್ ಹಿಂದಾಗಿದೆಯೇ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಕಡಿಮೆ ಬರುತ್ತಿದೆಯೇ ನೋಡಿಸಿ. ಈ ಎರಡನ್ನೂ ಪೈಪ್ ಜೋಡಿಸುವ ಮೊದಲೇ ಸರಿಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.

ಗಾಡಿಯನ್ನು ಕೊಟ್ಟಿಗೆಯ ಪಕ್ಕದ ಆ ಶೆಡ್ಡಿನಿಂದ ದಯವಿಟ್ಟು ಬೇರೆ ಕಡೆಗೆ ಒಯ್ಯಿರಿ. ಗಂಜಲದಿಂದ ಏಳುವ ಅಮೋನಿಯಾ, ಮೇಲಿನಿಂದ ಮಲೆನಾಡಿನ ತೇವ ಸೇರಿ ಕ್ರೋಮಿನ ಬಿರುಕುಗಳ ಮೂಲಕ ಕೆಳಗಿನ ತಾಮ್ರ ನಿಕಲ್‌ಗಳನ್ನು ತಿನ್ನುತ್ತವೆ. ಪ್ಲಾಸ್ಟಿಕ್ ಟಾರ್ಪಾಲಿನ್ ಹೊದಿಸಿದರೆ ಒಳಗೆ ಬೆವರು ಕಟ್ಟುತ್ತದೆ, ಹತ್ತಿಬಟ್ಟೆ ಸಾಕು. ಜಾಗ ಬದಲಿಸುವುದನ್ನು ಪ್ಲೇಟಿಂಗ್‌ಗೆ ಕೊಡುವ ಮೊದಲೇ ಮಾಡಿ.